ಅಪ್‌ಡೇಟ್: ಪೆಟ್ ಡಿಟೆಕ್ಟರ್ ಪೀಕ್ ಜಾರೋದು ನಿಂತಿದೆ

ಪೆಟ್ ಸ್ಕ್ಯಾನರ್‌ಗೆ (PET, ದೇಹದೊಳಗಿಂದ ಬರೋ ಗಾಮಾ ಕಿರಣ ಹಿಡಿದು ಚಿತ್ರ ತೆಗೆಯೋ ಆಸ್ಪತ್ರೆ ಯಂತ್ರ) ಮಾಡ್ತಿರೋ ಪುಟ್ಟ ಡಿಟೆಕ್ಟರ್‌ನಲ್ಲಿ 511 ಕೆಇವಿ ಪೀಕ್ (ಆ ಶಕ್ತಿಯ ಗಾಮಾ ಕಿರಣ ಗ್ರಾಫಲ್ಲಿ ತೋರೋ ಶಿಖರ) ಮಧ್ಯಾಹ್ನ ಆಗ್ತಿದ್ದಂಗೆ ಕೆಳಗೆ ಜಾರುತ್ತೆ ಅಂತ ಕೇಳಿದ್ನಲ್ಲ, ಅದು ಸರಿಹೋಯ್ತು! ಪೀಣ್ಯದ ನಮ್ಮ ಲ್ಯಾಬಲ್ಲಿ ಏಪ್ರಿಲ್ ಬಿಸಿಲಿಗೆ ಬೋರ್ಡ್ ಕಾದಂಗೆಲ್ಲ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್‌ನ (ಹರಳಿನ ಬೆಳಕು ಹಿಡಿಯೋ ಸೆನ್ಸರ್) ಬ್ರೇಕ್‌ಡೌನ್ ವೋಲ್ಟೇಜ್, ಅಂದ್ರೆ ಅದು ಕೆಲಸ ಶುರುಮಾಡೋ ವೋಲ್ಟೇಜ್, ಏರುತ್ತೆ, ನಾವು ಕೊಡೋ ವೋಲ್ಟೇಜ್ (ಬಯಾಸ್) ಮಾತ್ರ ಅಷ್ಟೇ ಇರುತ್ತೆ, ಹಾಗಾಗಿ ಗೇನ್ (ಸಿಗ್ನಲ್ ಎಷ್ಟು ದೊಡ್ಡದಾಗುತ್ತೆ ಅನ್ನೋದು) ಬೀಳುತ್ತೆ, ಪೀಕೂ ಜಾರುತ್ತೆ. ಈ ಏರಿಕೆ ನಮ್ಮ ಸೆನ್ಸರ್‌ಗೆ ಡಿಗ್ರಿಗೆ ಸುಮಾರು 54 ಮಿಲಿವೋಲ್ಟ್, ಅಷ್ಟನ್ನ ಬಯಾಸ್‌ಗೆ ತಾನಾಗೇ ಸೇರಿಸೋ ಹಂಗೆ ಮಾಡಿದ್ವಿ. ಆದ್ರೆ ಬಿಸಿ ಅಳೆಯೋ ಥರ್ಮಿಸ್ಟರ್ ಎಲ್ಲಿ ಕೂರಿಸ್ತೀರಾ ಅನ್ನೋದೇ ಮುಖ್ಯ, ಸಿಗ್ನಲ್ ಓದೋ ರೀಡೌಟ್ ಚಿಪ್ ಪಕ್ಕ ಬೇಡ, ಅದರದ್ದೇ ಬಿಸಿ ಇರುತ್ತೆ, ಸೆನ್ಸರ್ ಬೆನ್ನಿಗೇ ಅಂಟಿಸಿ. ಪೀಕ್ ಜಾರ್ತಿದ್ಯಾ (ಡ್ರಿಫ್ಟ್) ಅಂತ ಚೆಕ್ ಮಾಡೋಕೆ ಎಲ್‌ವೈಎಸ್‌ಓ ಹರಳಲ್ಲೇ (ಗಾಮಾ ಕಿರಣ ಬಿದ್ರೆ ಬೆಳಕು ಚಿಮ್ಮಿಸೋ ಹರಳು) ಇರೋ, ತಾನಾಗೇ ವಿಕಿರಣ ಸೂಸೋ ಲುಟೀಷಿಯಂ-176 ಸಾಕು. ಬಿಸಿಗೆ ಹರಳಿನ ಬೆಳಕೂ ಸ್ವಲ್ಪ ಕಮ್ಮಿಯಾಗುತ್ತೆ, ಈಗ ಅದನ್ನ ಸರಿಮಾಡೋ ಕೆಲಸ ನಡೀತಿದೆ. ಥರ್ಮಿಸ್ಟರ್ ಜಾಗ ಹೇಳಿದ ಸರ್‌ಗೆ ತುಂಬಾ ಥ್ಯಾಂಕ್ಸ್.