ಮನೆ ಬದಲಾಯಿಸುವಾಗ ಮೀನು ಸಾಗಿಸುವುದು ಹೇಗೆ? (ಪ್ರಶ್ನೋತ್ತರ)

ಅಡ್ಮಿನ್: ಮೀನುಗಾರಿಕೆ ಓದಿ, ಅಲಂಕಾರಿಕ ಮೀನಿನ ಕೆಲಸದಲ್ಲೇ ಇರುವ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ದೂರದೂರಿಗೆ ಮೀನು ಒಯ್ಯುವ ಬಗ್ಗೆ ಮಾತ್ರ ಕೇಳಿ.

ಕಲಬುರಗಿಗೆ ಹೊರಟವರು: ನಮಸ್ತೆ ಮೇಡಂ. ಬೆಂಗಳೂರಿನಿಂದ ವರ್ಗ ಆಗಿದೆ, ಕಾರಿನಲ್ಲಿ ಹೋಗುತ್ತೇವೆ. ಎಂಟು ಗೋಲ್ಡ್‌ಫಿಶ್ ಇವೆ. ಯಾವಾಗಿನಿಂದ ಊಟ ನಿಲ್ಲಿಸಬೇಕು?

ಮೇಡಂ: 24ರಿಂದ 48 ಗಂಟೆ ಮೊದಲು. ಕವರಿನಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಕ್ಸಿಜನ್. ಅಕ್ವೇರಿಯಂ ಅಂಗಡಿಯವರು ತುಂಬಿಸಿ ಕೊಡುತ್ತಾರೆ. ಒಂದರ ಮೇಲೊಂದು ಎರಡು ಕವರ್ ಹಾಕಿ ಥರ್ಮಾಕೋಲ್ ಡಬ್ಬದಲ್ಲಿ ಇಡಿ. ಬೇಸಿಗೆ, ರಾತ್ರಿ ಹೊರಡಿ.

ಪುಣೆ ಸದಸ್ಯೆ: ಮೇಡಂ, ಮೊನ್ನೆ ಮೈಸೂರಿನಿಂದ ಪುಣೆಗೆ ಬಂದೆವು. ದಾರಿಯುದ್ದಕ್ಕೂ ಮೀನು ಚೆನ್ನಾಗಿದ್ದವು. ಮನೆಗೆ ಬಂದು ಕವರ್ ಬಿಚ್ಚಿ, ವಿಡಿಯೊದಲ್ಲಿ ಹೇಳಿದಂತೆ ಒಂದು ಗಂಟೆ ಹನಿಹನಿಯಾಗಿ ಹೊಸ ನೀರು ಬಿಟ್ಟೆ. ಅಷ್ಟರಲ್ಲೇ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಐದು ಸತ್ತವು. ದಾರಿಯಲ್ಲಿ ಬದುಕಿದ್ದವು ಮನೆಯಲ್ಲಿ ಯಾಕೆ ಸತ್ತವು?

ಮೇಡಂ: ಓದಿ ಸಂಕಟ ಆಯಿತು. ವಿಡಿಯೊದವರು ಈ ವಿಷಯ ಹೇಳುವುದೇ ಇಲ್ಲ.
ಕಟ್ಟಿದ ಕವರಿನಲ್ಲಿ ಮೀನು ಅಮೋನಿಯಾ ಬಿಡುತ್ತಲೇ ಇರುತ್ತದೆ. ಅದರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಕೂಡ ನೀರಿಗೇ ಸೇರಿ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ಪಿಎಚ್ ಕಡಿಮೆ ಇರುವಷ್ಟು ಹೊತ್ತು ಅಮೋನಿಯಾದ ಬಹುಪಾಲು ಅಮೋನಿಯಂ ಆಗಿರುತ್ತದೆ, ಅದರ ವಿಷ ತೀರಾ ಕಡಿಮೆ. ಹಾಗಾಗಿ ದಾರಿಯಲ್ಲಿ ತಡೆದುಕೊಂಡವು. ಕವರ್ ಬಿಚ್ಚಿದ ಕೂಡಲೇ ಆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ. 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟು. ನಿಮ್ಮ ಮೀನು ಒಂದು ಗಂಟೆ ಆ ನೀರಿನಲ್ಲೇ ಇದ್ದವು.
ಪಕ್ಕದ ಅಂಗಡಿಯಿಂದ ತಂದ ಮೀನಿಗೆ ಹನಿ ಪದ್ಧತಿ ಸರಿ. ದೂರದಿಂದ ಬಂದವಕ್ಕೆ ಬೇಡ. ಕಟ್ಟಿದ ಕವರನ್ನೇ 20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಬಿಚ್ಚಿದ ತಕ್ಷಣ ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಬಿಡಿ, ಕವರಿನ ನೀರು ಚೆಲ್ಲಿ. ಹೊಸ ಟ್ಯಾಂಕಿನ ನೀರು ತೀರಾ ಬೇರೆ ಇರಬಾರದು, ಅದಕ್ಕೇ ಹಳೇ ಟ್ಯಾಂಕಿನ ನೀರನ್ನು ಕ್ಯಾನಿನಲ್ಲಿ ಒಯ್ದು ಬೆರೆಸಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಅಮೋನಿಯಾ ತಿಂದು ಕಡಿಮೆ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿರುತ್ತವೆ, ನಲ್ಲಿ ನೀರಿನ ಕ್ಲೋರಿನ್‌ಗೆ ಅವು ಸತ್ತರೆ ಹೊಸ ಟ್ಯಾಂಕಿನಲ್ಲೂ ಅಮೋನಿಯಾ ಏರುತ್ತದೆ.
ಉಳಿದವುಗಳ ಕಿವಿರು ನೋಡಿ. ಕೆಂಪಗೆ ಊದಿವೆಯಾ?

ದಾವಣಗೆರೆ ಸದಸ್ಯ: ಒಂದು ಚಿಟಿಕೆ ಅರಿಶಿನ, ಒಂದು ಡಿಸ್ಪ್ರಿನ್ ಹಾಕಿದರೆ ಮೀನು ಶಾಂತವಾಗಿರುತ್ತದೆ ಅಂತ ಫಾರ್ವರ್ಡ್ ಬಂದಿದೆ.

ಮೇಡಂ: ಹಾಕಬೇಡಿ. ಎರಡೂ ಬೇಡ.

ದಾವಣಗೆರೆ ಸದಸ್ಯ: ಲವಂಗದ ಎಣ್ಣೆ?

ಮೇಡಂ: ಅದು ಮೀನಿಗೆ ನಿಜವಾಗಿಯೂ ಅರಿವಳಿಕೆ. ಅಳತೆ ತಪ್ಪಿದರೆ ಮೀನು ಮತ್ತೆ ಏಳುವುದಿಲ್ಲ. ಯಾರೋ ಕಳಿಸಿದ್ದನ್ನು ಜೀವ ಇರುವ ನೀರಿಗೆ ಸುರಿಯುವ ಮುಂಚೆ ಒಂದು ಕ್ಷಣ ಯೋಚಿಸಿ.

ಗಪ್ಪಿ ಪ್ರಿಯ: ಶಂಖದ ಹುಳು, ಸಿಗಡಿ ಕೂಡ ಹೀಗೇ ಒಯ್ಯಬಹುದಾ?

ಟೆಂಪೋ ರಾಜಣ್ಣ: ಇಷ್ಟೆಲ್ಲ ಯಾಕೆ? ನಾವು ಟ್ಯಾಂಕಿನಲ್ಲಿ ಅರ್ಧ ನೀರು ಬಿಟ್ಟು ಮೀನು ಸಮೇತ ಹುಬ್ಬಳ್ಳಿಗೆ ಒಯ್ದೆವು. ಏನೂ ಆಗಲಿಲ್ಲ.

ಹಳೇ ಸದಸ್ಯ: 100 ಲೀಟರ್ ನೀರು ಅಂದರೆ 100 ಕಿಲೋ ರೀ. ಹಂಪಿನಲ್ಲಿ ಎಗರಿದರೆ ಮೂಲೆಯ ಸಿಲಿಕಾನ್ ಬಿಡುತ್ತದೆ.

ಟೆಂಪೋ ರಾಜಣ್ಣ: ನಿಮಗೆ ಓಡಿಸೋಕೆ ಬರಲ್ಲ ಅಂದ್ರೆ ನಾನೇನು ಮಾಡಲಿ?

ಹಳೇ ಸದಸ್ಯ: ಮಾತು ನೆಟ್ಟಗಿರಲಿ.

ಮೇಡಂ: ಟ್ಯಾಂಕ್ ಖಾಲಿ ಮಾಡಿಯೇ ಒಯ್ಯಬೇಕು. ಜಗಳ ಬೇರೆ ಕಡೆ ಮಾಡಿ.

ತುಮಕೂರು ಸದಸ್ಯ: ಮೇಡಂ, ಎಷ್ಟು ದಿನ ಊಟ ಹಾಕಬಾರದು?

ಮೇಡಂ: ಮೇಲೆ ಓದಿ.

ಗಪ್ಪಿ ಪ್ರಿಯ: ಸಿಗಡಿ ಬಗ್ಗೆ ಕೇಳಿದ್ದೆ...

ಪುಣೆ ಸದಸ್ಯೆ: ಮೇಡಂ, ಹೌದು, ಕಿವಿರು ಕೆಂಪಗಿವೆ. ಒಂದು ಮೀನು ತಳದಲ್ಲೇ ಕೂತಿದೆ.

ಮೇಡಂ: ಈಗಲೇ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ. ಕ್ಲೋರಿನ್ ತೆಗೆದ ನೀರೇ ಆಗಬೇಕು. ಏರ್ ಪಂಪ್ ನಿಲ್ಲಿಸಬೇಡಿ, ಇವತ್ತು ಊಟ ಬೇಡ. ಅಮೋನಿಯಾ ಟೆಸ್ಟ್ ಕಿಟ್ ತಂದು ನೋಡಿ, ಎಷ್ಟು ಬಂತು ಅಂತ ನನಗೆ ನೇರವಾಗಿ ಮೆಸೇಜ್ ಮಾಡಿ.