ಶುಕ್ರವಾರದೊಳಗೆ ಅನ್ನೋಕೆ ಬೈ, ಟಿಲ್, ವಿದಿನ್: ಯಾವುದು ಸರಿ?

ಇಳಕಲ್_ಮಗ್ಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ ಸೀರೆ ವ್ಯಾಪಾರ. ಈಗ ಬೇರೆ ರಾಜ್ಯದವರೂ ವಾಟ್ಸಾಪ್‌ನಲ್ಲಿ ಆರ್ಡರ್ ಕೊಡುತ್ತಾರೆ, ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು. "ಶುಕ್ರವಾರದೊಳಗೆ ಕಳಿಸುತ್ತೇವೆ" ಅನ್ನೋಕೆ ಬೈ ಫ್ರೈಡೇನಾ, ಟಿಲ್ ಫ್ರೈಡೇನಾ, ವಿದಿನ್ ಫ್ರೈಡೇನಾ? "ಐದು ದಿನದೊಳಗೆ" ಅನ್ನೋಕೂ ಅದೇ ನಡೆಯುತ್ತಾ? ಮದುವೆಗೆ ಅಂತ ಸೀರೆ ತರಿಸುವವರೇ ಜಾಸ್ತಿ, ದಿನದ ವಿಷಯದಲ್ಲಿ ಗೊಂದಲ ಆಗಬಾರದು.

ಬೆಳಗಾವಿ_ಮೇಷ್ಟ್ರು:
ಅಕ್ಕಾರೇ, ಬೈ ಫ್ರೈಡೇ ಅಂತಲೇ ಬರೆಯಿರಿ. ಶುಕ್ರವಾರ ಕೊನೆಯ ಗಡುವು, ಬುಧವಾರವೇ ಕಳಿಸಿದರೂ ಕೊಟ್ಟ ಮಾತು ಉಳಿಯುತ್ತೆ. ಟಿಲ್ ಬೇರೆ. ಅಲ್ಲಿಯ ತನಕ ನಡೀತಾನೇ ಇರುವ ಕೆಲಸಕ್ಕೆ ಅದು, ಅಂಗಡಿ ರಾತ್ರಿ ಎಂಟರ ತನಕ ತೆರೆದಿದ್ದರೆ ಓಪನ್ ಟಿಲ್ ಏಟ್. ಪಾರ್ಸಲ್ ಕಳಿಸೋದು ಒಂದೇ ಸಲಕ್ಕೆ ಮುಗಿಯುತ್ತೆ ಅಲ್ವಾ, ಅದಕ್ಕೆ ಟಿಲ್ ಹೊಂದಲ್ಲ. ಇನ್ನು ವಿದಿನ್ ಬರೋದು ಅವಧಿಯ ಜೊತೆ: ವಿದಿನ್ ಫೈವ್ ಡೇಸ್ ಸರಿ, ವಿದಿನ್ ಫ್ರೈಡೇ ತಪ್ಪು. ಸುಮ್ನೆ ಇನ್ ಫೈವ್ ಡೇಸ್ ಅಂತ ಬರೆದರೆ ಐದು ದಿನ ಕಳೆದ ಮೇಲೆ ಅಂತ ಓದಿಕೊಳ್ಳುತ್ತಾರೆ, ಅವಸರದ ಗಿರಾಕಿಗೆ ಹಾಗೆ ಬರೆಯಬೇಡಿ.

ಗುಮ್ಮಟ_ನಗರಿ:
ಮೇಷ್ಟ್ರು ಹೇಳಿದ್ದು ಸರಿ. ಆಟ್, ಆನ್, ಇನ್ ಬಗ್ಗೆಯೂ ಒಂದು ಮಾತು. ಬೆಳಗಾವಿಯ ಸುವರ್ಣ ವಿಧಾನಸೌಧವನ್ನೇ ತಗೊಳ್ಳಿ. ಉದ್ಘಾಟನೆ ಆಗಿದ್ದು ಇನ್ 2012, ಇನ್ ಅಕ್ಟೋಬರ್, ಆದರೆ ಆನ್ ಅಕ್ಟೋಬರ್ 11. ತಾರೀಖು ಬಂದ ಕೂಡಲೇ ಆನ್ ಬಂತು ನೋಡಿ. ಗಂಟೆಗೆ ಆಟ್. ಇನ್ ದ ಮಾರ್ನಿಂಗ್ ಅಂತೀವಿ, ವಾರದ ಹೆಸರು ಸೇರಿದರೆ ಆನ್ ಮಂಡೇ ಮಾರ್ನಿಂಗ್. ರಾತ್ರಿಗೆ ಮಾತ್ರ ಆಟ್ ನೈಟ್, ಅದನ್ನು ಹಾಗೇ ರೂಢಿ ಮಾಡಿಕೊಳ್ಳಬೇಕು.

ಇಳಕಲ್_ಮಗ್ಗ:
ಇಬ್ಬರಿಗೂ ತುಂಬಾ ಉಪಕಾರ ಆಯ್ತು ಸರ್. ಆನ್ ನೆಕ್ಸ್ಟ್ ಫ್ರೈಡೇ ಅನ್ನಬಹುದಾ? "ಮೂವತ್ತು ವರ್ಷದಿಂದ ವ್ಯಾಪಾರ ಮಾಡುತ್ತಿದ್ದೇವೆ" ಅನ್ನೋಕೆ ಸಿನ್ಸ್ ಹಾಕಲಾ?

ಬೆಳಗಾವಿ_ಮೇಷ್ಟ್ರು:
ನೆಕ್ಸ್ಟ್, ಲಾಸ್ಟ್, ದಿಸ್ ಇದ್ದ ಕಡೆ ಆನ್ ಬೇಡ, ಬರೀ ನೆಕ್ಸ್ಟ್ ಫ್ರೈಡೇ ಸಾಕು. ಆದರೆ ಅದು ಈ ವಾರದ್ದೋ ಬರುವ ವಾರದ್ದೋ ಅಂತ ಇಂಗ್ಲಿಷ್ ಮನೆಮಾತಿನವರಿಗೇ ಗೊಂದಲ ಆಗುತ್ತೆ, ನೀವು ತಾರೀಖು ಹಾಕಿಬಿಡಿ. ಸಿನ್ಸ್ ಆದ ಮೇಲೆ ಶುರುವಾದ ಇಸವಿ ಬರಬೇಕು, ಸಿನ್ಸ್ 1995 ಅನ್ನೋ ಹಾಗೆ. ಎಷ್ಟು ವರ್ಷ ಅನ್ನೋ ಲೆಕ್ಕಕ್ಕೆ ಫಾರ್ ಥರ್ಟಿ ಇಯರ್ಸ್. ಎರಡಕ್ಕೂ ಕ್ರಿಯಾಪದ ಹ್ಯಾವ್ ಬೀನ್ ಇರಲಿ. "ವಿ ಆರ್ ಡೂಯಿಂಗ್ ಸಿನ್ಸ್ ಥರ್ಟಿ ಇಯರ್ಸ್" ಅಂತ ಎಷ್ಟೋ ಜನ ಬರೆಯುತ್ತಾರೆ, ಅದನ್ನು ನೋಡಿ ನೀವೂ ಹಾಗೇ ಬರೆಯಬೇಡಿ.