ಪ್ರಶ್ನೋತ್ತರ: ಲಂಗೋಟಿಯ ಮೇಲೆ ತೊಡಿಸುವ ಲೇಸ್ ಹೆಣಿಗೆಯ ಚಡ್ಡಿ

ಪ್ರಶ್ನೆ (ಕಲಬುರಗಿ): ಅಕ್ಕಾವರಿಗೆ ಶರಣಾರ್ಥಿ. ನಮ್ಮ ಅಕ್ಕನ ಮಗಳಿಗೆ ಬರುವ ತಿಂಗಳು ಆರು ತಿಂಗಳು ತುಂಬುತ್ತದೆ. ಬಟ್ಟೆಯ ಲಂಗೋಟಿಯ ಮೇಲೆ ತೊಡಿಸಲೆಂದು ಲೇಸ್ ಹೆಣಿಗೆಯ ಚಡ್ಡಿಯೊಂದನ್ನು ಹೆಣೆಯುತ್ತಿದ್ದೇನೆ. ನನಗೆ ಸಿಕ್ಕಿದ್ದು ಅಮೆರಿಕದ ಮಾದರಿ. ಆರನೆಯ ನಂಬರಿನ ಕಡ್ಡಿಯಿಂದ 57 ಕುಣಿಕೆ ಹಾಕಿದರೆ ಹಿಂಭಾಗದ ಅಗಲ 26 ಸೆಂಟಿಮೀಟರ್ ಬರಬೇಕೆಂದು ಅದರಲ್ಲಿದೆ. ಸೂಪರ್ ಮಾರ್ಕೆಟ್‌ನಲ್ಲಿ ಆರನೆಯ ನಂಬರಿನ ಕಡ್ಡಿಯನ್ನೇ ಕೇಳಿ ತಂದೆ. ಆದರೆ ನನಗೆ 33 ಸೆಂಟಿಮೀಟರ್‌ಗಿಂತ ಹೆಚ್ಚು ಬಂದಿದೆ. ಇದು ಸಾಲದೆಂಬಂತೆ, ಕಾಲಿನ ಭಾಗಕ್ಕೆ ಎರಡೂ ಅಂಚಿನಲ್ಲಿ ಒಂದೊಂದು ಕುಣಿಕೆ ಇಳಿಸುತ್ತ ಎಂಟು ಬಾರಿ ಇಳಿಸಿದ ಮೇಲೆ 41 ಉಳಿಯಬೇಕಾದಲ್ಲಿ ಕಡ್ಡಿಯ ಮೇಲೆ 45 ಇವೆ. ಮೂರು ಸಲ ಎಣಿಸಿದೆ. ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿರಿ. ಲೇಸಿನ ಚಡ್ಡಿಯಿಂದ ಒದ್ದೆ ಹೊರಗೆ ಬರುವುದು ನಿಲ್ಲುತ್ತದೆಯೇ ಎಂಬುದನ್ನೂ ಹೇಳಿರಿ.

ಉತ್ತರ (ಹೆಣಿಗೆ ಶಿಕ್ಷಕಿ, ಕಲಬುರಗಿ): ತಂಗಿ, ಎರಡು ತಪ್ಪುಗಳಿಗೂ ಬೇರೆ ಬೇರೆ ಕಾರಣಗಳಿವೆ, ಮತ್ತು ಮೊದಲನೆಯದರಲ್ಲಿ ನಿಮ್ಮ ಕೈಯ ತಪ್ಪು ಏನೂ ಇಲ್ಲ.

ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ಮೇಲೆ ಬ್ರಿಟಿಷರ ಹಳೆಯ ಲೆಕ್ಕದ ನಂಬರು ಇರುತ್ತದೆ. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಇದು ತಿರುಗುಮುರುಗು, ಅಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಅವರ ಆರನೆಯ ನಂಬರು ಎಂದರೆ 4 ಮಿಲಿಮೀಟರ್, ನಮ್ಮಲ್ಲಿ ಅದು ಎಂಟನೆಯ ನಂಬರು. ನೀವು ತಂದಿರುವ ನಮ್ಮ ಆರನೆಯ ನಂಬರಿನ ಕಡ್ಡಿ 5 ಮಿಲಿಮೀಟರ್ ಇರುತ್ತದೆ. ಮಾದರಿಯವರು 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಎಂದು ಲೆಕ್ಕ ಹಿಡಿದಿದ್ದಾರೆ, ದಪ್ಪ ಕಡ್ಡಿಯಲ್ಲಿ ನಿಮಗೆ ಅಷ್ಟೇ ಅಗಲಕ್ಕೆ ಸುಮಾರು 17 ಮಾತ್ರ ಬಂದಿವೆ. 57ನ್ನು ಎರಡೂ ಲೆಕ್ಕದಲ್ಲಿ ಭಾಗಿಸಿ ನೋಡಿದರೆ ನಿಮ್ಮ 33 ಸೆಂಟಿಮೀಟರ್ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಇನ್ನು ಮುಂದೆ ಅಂಗಡಿಯಲ್ಲಿ ನಂಬರು ಕೇಳಬೇಡಿ, ಮಿಲಿಮೀಟರ್ ಕೇಳಿ. ಕಡ್ಡಿಯ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ತೂತಿನ ಅಳತೆಪಟ್ಟಿಯಲ್ಲಿ ತೂರಿಸಿ ನೋಡಿ.

ಎರಡನೆಯದು ಲೇಸಿನ ಮೂಲಕ್ಕೇ ಸಂಬಂಧಿಸಿದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಲೇಸಿನ ತೂತು ಎಂದರೆ ಕಡ್ಡಿಗೆ ಸುಮ್ಮನೆ ಸುತ್ತಿದ ಒಂದು ನೂಲು. ಅದು ಮುಂದಿನ ಸಾಲಿನಲ್ಲಿ ಒಂದು ಹೊಸ ಕುಣಿಕೆಯಾಗಿ ನಿಲ್ಲುತ್ತದೆ. ಹೀಗೆ ಹೆಚ್ಚಾದ ಕುಣಿಕೆಯನ್ನು ಸರಿದೂಗಿಸಲು ಪಕ್ಕದಲ್ಲೇ ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆಯುತ್ತೇವೆ. ನಿಮ್ಮ ಮಾದರಿಯಲ್ಲಿ ಅಂಚಿಗೆ ಒಂದೊಂದು ಕುಣಿಕೆ ಬಿಟ್ಟರೆ ಉಳಿಯುವುದು 55, ಅಂದರೆ ಆರರ ಒಂಬತ್ತು ಗುಂಪು ಮತ್ತು ಒಂದು. ಮೊದಲ ಸಾಲಿನಲ್ಲಿ ಒಂದು ಸೀದಾ (ನೂಲನ್ನು ಹೆಣಿಗೆಯ ಹಿಂದೆ ಇಟ್ಟು) ಹೆಣೆದು, ಆಮೇಲೆ ಪ್ರತಿ ಆರಕ್ಕೆ ಹೀಗೆ ಹೆಣೆಯಬೇಕು: ನೂಲು ಸುತ್ತಿ, ಒಂದು ಕುಣಿಕೆಯನ್ನು ಹೆಣೆಯದೆ ಬಲಗಡ್ಡಿಗೆ ದಾಟಿಸಿ, ಮುಂದಿನದನ್ನು ಸೀದಾ ಹೆಣೆದು, ದಾಟಿಸಿದ್ದನ್ನು ಅದರ ಮೇಲಿಂದ ಹಾಯಿಸಿ, ಒಂದು ಸೀದಾ, ಎರಡನ್ನು ಕೂಡಿಸಿ ಸೀದಾ, ಮತ್ತೆ ನೂಲು ಸುತ್ತಿ, ಒಂದು ಸೀದಾ. ಎರಡು ಸುತ್ತು, ಎರಡು ಕೂಡಿಕೆ, ಲೆಕ್ಕ ಸಮ. ಎರಡನೆಯ ಸಾಲು ಪೂರ್ತಿ ಉಲ್ಟಾ, ಅಂದರೆ ನೂಲನ್ನು ಮುಂದೆ ಇಟ್ಟು ಹೆಣೆಯುವುದು. ಮೂರನೆಯ ಸಾಲಿನಲ್ಲಿ ಎರಡು ಸೀದಾ ಆದ ಮೇಲೆ ನೂಲು ಸುತ್ತಿ, ಮೂರು ಕುಣಿಕೆಗಳನ್ನು ಒಂದಾಗಿಸಿ, ನೂಲು ಸುತ್ತಿ, ಮೂರು ಸೀದಾ ಎಂದು ಸಾಗಿ ಕೊನೆಗೆ ಎರಡು ಸೀದಾ. ಮೂರನ್ನು ಒಂದಾಗಿಸಿದಾಗ ಎರಡು ಕಡಿಮೆಯಾಗುತ್ತವೆ, ಎರಡು ಸುತ್ತು ಅವನ್ನು ತುಂಬುತ್ತವೆ. ನಾಲ್ಕನೆಯದು ಮತ್ತೆ ಉಲ್ಟಾ.

ನೀವು ಕಾಲಿನ ಅಂಚಿನಲ್ಲಿ ಕುಣಿಕೆ ಇಳಿಸತೊಡಗಿದಾಗ ಅಂಚಿನ ಗುಂಪು ಒಡೆಯಿತು. ಆರರಲ್ಲಿ ನಾಲ್ಕು ಮಾತ್ರ ಉಳಿದಾಗ ನೀವು ವಾಡಿಕೆಯಂತೆ ನೂಲು ಸುತ್ತಿದ್ದೀರಿ, ಆದರೆ ಅದಕ್ಕೆ ಜೋಡಿಯಾಗಬೇಕಿದ್ದ ಕೂಡಿಕೆ ಅಂಚಿನ ಇಳಿಕೆಗೆ ಖರ್ಚಾಗಿಹೋಗಿದೆ. ಹೀಗೆ ನಾಲ್ಕು ಸಲ ಆದದ್ದರಿಂದ 41 ಇರಬೇಕಾದಲ್ಲಿ 45 ಆಗಿವೆ. ಜೋಡಿ ಸಿಗದ ಕಡೆ ನೂಲು ಸುತ್ತಬಾರದು, ಅಷ್ಟು ಕುಣಿಕೆಗಳನ್ನು ಸಾದಾ ಹೆಣೆದುಬಿಡಬೇಕು.

ಆದರೆ ನನ್ನನ್ನು ಕೇಳಿದರೆ, ಕಾಲಿನ ಇಳಿಕೆ ಶುರುವಾದಲ್ಲಿಂದ ತೊಡೆಸಂದಿಯವರೆಗೆ ಲೇಸೇ ಬೇಡ. ಸೊಂಟದಿಂದ ಕಾಲಿನವರೆಗಿನ ಹಿಂಭಾಗದಲ್ಲಿ ಲೇಸ್ ಇರಲಿ. ಮಗು ಬೋರಲು ಬಿದ್ದಾಗ, ಅಂಬೆಗಾಲಿಟ್ಟಾಗ ಎಲ್ಲರಿಗೂ ಕಾಣುವುದು ಆ ಭಾಗವೇ. ಒದ್ದೆಯ ಪ್ರಶ್ನೆಗೂ ಇದೇ ಉತ್ತರ. ತೂತಿರುವ ಹೆಣಿಗೆ ನೀರು ತಡೆಯುವುದಿಲ್ಲ, ಅದು ಲಂಗೋಟಿಯನ್ನು ಜಾರದಂತೆ ಹಿಡಿದಿಟ್ಟು ಚಂದ ಕಾಣಿಸುವ ಮೇಲುಡುಪು ಮಾತ್ರ. ಹಿಂಭಾಗವನ್ನು ಮುಂಭಾಗಕ್ಕಿಂತ ಆರರಿಂದ ಎಂಟು ಸಾಲು ಹೆಚ್ಚು ಹೆಣೆಯಿರಿ, ಇಲ್ಲದಿದ್ದರೆ ಲಂಗೋಟಿಯ ಉಬ್ಬಿನಿಂದಾಗಿ ಕೂತಾಗ ಬೆನ್ನಿನ ಕಡೆ ಕೆಳಗೆ ಜಾರುತ್ತದೆ.

ಬಿಚ್ಚಿ ಮತ್ತೆ ಹೆಣೆಯುವಾಗ ಇನ್ನೊಂದು ಕೆಲಸ ಮಾಡಿರಿ. ನಾಲ್ಕು ಸಾಲಿನ ಒಂದು ಸುತ್ತು ಮುಗಿದು ಲೆಕ್ಕ ಸರಿಯಿದೆ ಎಂದು ಖಾತ್ರಿಯಾದೊಡನೆ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗಿಂದ ಬೇರೆ ಬಣ್ಣದ ಹೊಲಿಗೆ ದಾರವನ್ನು ಸೂಜಿಯಿಂದ ಹಾಯಿಸಿ ಬಿಟ್ಟುಬಿಡಿ. ಮುಂದೆ ಎಡವಟ್ಟಾದರೆ ಆ ದಾರದವರೆಗೆ ಮಾತ್ರ ಬಿಚ್ಚಿದರಾಯಿತು. ಸಾದಾ ಹೆಣಿಗೆ ಬಿಚ್ಚಿದರೆ ಕುಣಿಕೆಗಳು ಕೈಗೆ ಸಿಗುತ್ತವೆ. ಲೇಸ್ ಬಿಚ್ಚಿದರೆ ಯಾವುದು ತೂತು, ಯಾವುದು ಕುಣಿಕೆ ಎಂದು ನನಗೂ ಈ ವಯಸ್ಸಿನಲ್ಲಿ ಗೊತ್ತಾಗುವುದಿಲ್ಲ.

ಪ್ರಶ್ನೆ (ಬೀದರ್): ಅಕ್ಕಾವರೆ, ಉಣ್ಣೆಯ ಚಡ್ಡಿ ನೀರು ತಡೆಯುತ್ತದೆ ಎಂದು ಓದಿದ್ದೇನೆ. ನಮ್ಮಲ್ಲಿ ಚಳಿಗಾಲದಲ್ಲಿ ಒಳ್ಳೆಯ ಚಳಿ ಇರುತ್ತದೆ. ಅಂಗಡಿಯಲ್ಲಿ ಸಿಗುವ ಬೇಬಿ ಉಲ್ಲನ್ನಿನಲ್ಲಿ ಹೆಣೆದರೆ ನಡೆಯುತ್ತದೆಯೇ?

ಉತ್ತರ: ನೀವು ಓದಿದ್ದು ಸರಿ, ಆದರೆ ಅದು ನಿಜವಾದ ಕುರಿಯ ಉಣ್ಣೆಗೆ ಮಾತ್ರ ಅನ್ವಯಿಸುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ, ಜೊತೆಗೆ ಕುರಿಯ ಮೈಜಿಡ್ಡು ಉಳಿದಿದ್ದರೆ ನೀರು ಬೇಗ ಇಳಿಯುವುದಿಲ್ಲ. ನಮ್ಮ ಕುರುಬರ ಕಂಬಳಿಯನ್ನು ಮಳೆಯಲ್ಲಿ ಹೊದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಖನಿ ಕುರಿಯ ಉಣ್ಣೆ ಬಿರುಸು, ಮಗುವಿನ ತೊಡೆಗೆ ಅದು ಆಗುವುದಿಲ್ಲ. ಬೇಕಿದ್ದರೆ ಮೆರಿನೋ ತರಹದ ಮೆತ್ತನೆಯ ಉಣ್ಣೆ ತರಿಸಿ, ಅದನ್ನೂ ಲೇಸ್ ಇಲ್ಲದೆ ಒತ್ತಾಗಿ ಹೆಣೆಯಬೇಕು.

ಬೇಬಿ ಉಲ್ಲನ್ ಎಂದು ನಮ್ಮ ಅಂಗಡಿಗಳಲ್ಲಿ ಮಾರುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆಂಕಿ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟಂತೆ ಉರಿದು ಮೆತ್ತಗಿನ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ಮುಟ್ಟಿಸಬೇಡಿ. ಹೆಣಿಗೆಯ ಪುಟಿತವೆಲ್ಲ ಹೋಗಿ ಚಿಂದಿಯಂತೆ ಜೋತುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಕಲಬುರಗಿ, ಯಾದಗಿರಿಯವರು ಮಾತ್ರ ಉಣ್ಣೆಯನ್ನೂ ಅಕ್ರಿಲಿಕ್ಕನ್ನೂ ಬಿಟ್ಟು ಹತ್ತಿಯ ನೂಲು ಹಿಡಿಯಿರಿ. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಕೂಸಿನ ಸೊಂಟಕ್ಕೆ ಉಲ್ಲನ್ ಕಟ್ಟಿದರೆ ಬೆವರುಸಾಲೆ ಏಳುತ್ತದೆ.

ಪ್ರಶ್ನೆ (ಯಾದಗಿರಿ): ಸೊಂಟಕ್ಕೆ ಲಾಡಿ ಪೋಣಿಸಲೋ, ಇಲಾಸ್ಟಿಕ್ ಹಾಕಲೋ? ರೇಷ್ಮೆ ರಿಬ್ಬನ್ನಿನ ಲಾಡಿ ನೋಡಲು ಬಹಳ ಚಂದ.

ಉತ್ತರ: ಚಂದವೇ, ಆದರೆ ಬೇಡ. ಆರು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನು ಎಳೆದು ಬಾಯಿಗೆ ಹಾಕುತ್ತದೆ, ಜೋತಾಡುವ ಲಾಡಿ ತೊಟ್ಟಿಲಿನ ಕಂಬಿಗೂ ಸಿಕ್ಕಿಕೊಳ್ಳುತ್ತದೆ. ಸೊಂಟದ ಪಟ್ಟಿಯನ್ನು ಆರು ಸಾಲು ಸಾದಾ ಹೆಣೆದು, ಏಳನೆಯ ಸಾಲಿನಲ್ಲಿ ಎರಡು ಕೂಡಿಸಿ ನೂಲು ಸುತ್ತುತ್ತ ಹೋಗಿ, ಮತ್ತೆ ಆರು ಸಾಲು ಸಾದಾ ಹೆಣೆಯಿರಿ. ತೂತಿನ ಸಾಲಿನಲ್ಲಿ ಒಳಕ್ಕೆ ಮಡಿಚಿ ಹೊಲಿದರೆ ಮೇಲಂಚಿಗೆ ಪುಟ್ಟ ಹಲ್ಲುಗಳ ಅಲಂಕಾರ ಮೂಡುತ್ತದೆ, ಒಳಗೆ ಇಲಾಸ್ಟಿಕ್ ಹಾಯಿಸಲು ಕೊಳವೆಯೂ ಸಿದ್ಧವಾಗುತ್ತದೆ. ಕಾಲಿಗೆ ಇಲಾಸ್ಟಿಕ್ ಹಾಕಲೇಬೇಡಿ, ಒಂದು ಸೀದಾ ಒಂದು ಉಲ್ಟಾದ ಪಟ್ಟಿ ಸಾಕು. ನಾನು ಹೊಸದಾಗಿ ಕಲಿತಾಗ ತಂಗಿಯ ಮಗನಿಗೆ ಬಿಗಿಯಾದ ಇಲಾಸ್ಟಿಕ್ ಹಾಕಿ, ಸಂಜೆ ಬಿಚ್ಚಿದಾಗ ತೊಡೆಯ ಸುತ್ತ ಬಳೆಯಂತೆ ಕೆಂಪು ಗೆರೆ ಮೂಡಿತ್ತು. ಅಂದು ನಮ್ಮವ್ವ ಬೈದದ್ದು ಇನ್ನೂ ಕಿವಿಯಲ್ಲಿದೆ. ಒಳಬದಿಯಲ್ಲಿ ಉದ್ದ ನೂಲಿನ ತುಂಡು ಬಿಡಬೇಡಿ, ತೊಡಿಸುವಾಗ ಕಾಲ್ಬೆರಳು ಸಿಕ್ಕಿ ಸುತ್ತಿಕೊಳ್ಳುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಅಕ್ಕಾವರೆ, 4 ಮಿಲಿಮೀಟರ್ ಕಡ್ಡಿ ತಂದು ಹತ್ತಿಯಲ್ಲಿ ಮಾದರಿ ತುಂಡು ಹೆಣೆದು, ಒಗೆದು, ನೆರಳಲ್ಲಿ ಒಣಗಿಸಿ ಅಳೆದೆ. 10 ಸೆಂಟಿಮೀಟರ್‌ಗೆ 24 ಕುಣಿಕೆ ಬಂದಿವೆ, 22 ಅಲ್ಲ. ಲಂಗೋಟಿ ಕಟ್ಟಿದ ಮೇಲೆ ಮಗುವಿನ ಸುತ್ತಳತೆ 50 ಸೆಂಟಿಮೀಟರ್ ಇದೆ. ದಪ್ಪ ಕಡ್ಡಿಗೆ ಹೋಗಲೇ?

ಉತ್ತರ: ಒಗೆದು ಅಳೆದದ್ದು ಒಳ್ಳೆಯದಾಯಿತು. ನಿಮ್ಮ ಕೈ ಸ್ವಲ್ಪ ಬಿಗಿ, ಅದು ದೋಷವೇನಲ್ಲ. ಹತ್ತಿ ಹೇಗೂ ತೊಟ್ಟಷ್ಟೂ ಸಡಿಲವಾಗುವುದರಿಂದ ಬಿಗಿ ಹೆಣಿಗೆಯೇ ಅದಕ್ಕೆ ಒಳ್ಳೆಯದು. ಕಡ್ಡಿ ಬದಲಿಸಬೇಡಿ, ಲೇಸಿನ ಒಂದು ಗುಂಪು ಹೆಚ್ಚಿಸಿರಿ. 57ರ ಬದಲು 63 ಹಾಕಿದರೆ ಹತ್ತು ಗುಂಪು, ಮೇಲೊಂದು, ಅಂಚಿಗೆರಡು. ಅಗಲ ಸುಮಾರು 26 ಸೆಂಟಿಮೀಟರ್, ಪಕ್ಕದ ಹೊಲಿಗೆಗೆ ಹೋದದ್ದು ಕಳೆದರೆ ಹಿಂದು ಮುಂದು ಸೇರಿ 50ಕ್ಕೆ ಸ್ವಲ್ಪ ಮೇಲೆ ನಿಲ್ಲುತ್ತದೆ. ತೊಡೆಸಂದಿಯಲ್ಲಿ ಮಾದರಿಯವರು 25 ಉಳಿಸಲು ಹೇಳಿದ್ದರೆ ನೀವು 27 ಉಳಿಸಿಕೊಳ್ಳಿ, ಆಗ ಇಳಿಕೆಯ ಸಾಲುಗಳು ಹದಿನೆಂಟು ಆಗುತ್ತವೆ. ಇಲಾಸ್ಟಿಕ್ಕನ್ನು ಮಗುವಿನ ಸೊಂಟದ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಮಾತ್ರ ಕಡಿಮೆ ಕತ್ತರಿಸಿ, ತುದಿಗಳನ್ನು ಕೂಡಿಸಿ ಹೊಲಿಯುವ ಮೊದಲು ಪಿನ್ನು ಚುಚ್ಚದೆ ಕೈಯಲ್ಲೇ ಹಿಡಿದು, ಮಗು ಹೊಟ್ಟೆ ತುಂಬ ಹಾಲು ಕುಡಿದ ಮೇಲೆ ಒಮ್ಮೆ ಸುತ್ತಿ ನೋಡಿರಿ.